ಕೆರೆಗೆ ಬೆನ್ನು ಮಾಡಿ ಏರಿ ಇಳಿಯಿರಿ

ಅಟ್ಲಾಂಟಾ ಸುತ್ತಮುತ್ತ ಮನೆ ಕೊಂಡ ಕನ್ನಡದವರು ನನ್ನನ್ನು ಊಟಕ್ಕೆ ಕರೆದರೆ ಮೊದಲು ತೋರಿಸುವುದು ಹಿತ್ತಲಿನ ಕೆರೆಯನ್ನು. "ಲೇಕ್ ವ್ಯೂ ಇದೆ ಅಂತಾನೇ ಇಲ್ಲಿ ತಗೊಂಡ್ವಿ ಸಾರ್" ಅನ್ನುತ್ತಾರೆ. ಬಾತುಕೋಳಿ, ಪುಟ್ಟ ದೋಣಿ, ಸಂಜೆ ಬಿಸಿಲು. ನಿಜಕ್ಕೂ ಚೆನ್ನಾಗಿರುತ್ತದೆ. ನಾನು ಮಾತ್ರ ಏರಿ ಎಲ್ಲಿದೆ ಅಂತ ಕೇಳುತ್ತೇನೆ. ಸಣ್ಣ ಮಣ್ಣಿನ ಅಣೆಕಟ್ಟುಗಳನ್ನು ಪರೀಕ್ಷಿಸುವುದು ನನ್ನ ಕೆಲಸ, ಅಭ್ಯಾಸ ಬಿಡುವುದಿಲ್ಲ.

ಎಷ್ಟೋ ಜನಕ್ಕೆ ಈ ಪ್ರಶ್ನೆಯೇ ಹೊಸದು. ಉತ್ತರ ಜಾರ್ಜಿಯಾದಲ್ಲಿ ತಾನಾಗಿ ಆದ ಸರೋವರ ಇಲ್ಲವೆಂದೇ ಹೇಳಬೇಕು. ಹಳ್ಳಕ್ಕೆ ಅಡ್ಡವಾಗಿ ಮಣ್ಣು ಹಾಕಿ ನಿಲ್ಲಿಸಿದ ನೀರೇ ಎಲ್ಲ. ನೀವು ದಿನಾ ವಾಕಿಂಗ್ ಹೋಗುವ ಆ ಹಸಿರು ದಿಬ್ಬವೇ ಅಣೆಕಟ್ಟು. ಅದರ ಮಾಲೀಕರು ಬಹಳ ಕಡೆ ಬಡಾವಣೆಯ ಮನೆಮಾಲೀಕರ ಸಂಘ, ಅಂದರೆ ನೀವೇ.

ಇದೇ ರಾಜ್ಯದ ಟಕೋವಾ ಫಾಲ್ಸ್‌ನಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಅಣೆಕಟ್ಟಿತ್ತು. ಸುಮಾರು 38 ಅಡಿ ಎತ್ತರ, 40 ಎಕರೆಯಷ್ಟು ಕೆರೆ. ಒಂದು ಕಾಲಕ್ಕೆ ಅಲ್ಲಿನ ಬೈಬಲ್ ಕಾಲೇಜಿಗೆ ಕರೆಂಟು ಕೊಡುತ್ತಿತ್ತು. 1957ರಲ್ಲಿ ಅದು ನಿಂತಿತು. ಆಮೇಲೆ ಕೆರೆ ಉಳಿದದ್ದು ವಿಹಾರಕ್ಕೆ ಮಾತ್ರ. 1977ರ ನವೆಂಬರ್ 6ರ ನಸುಕಿನ ಒಂದೂವರೆ ಗಂಟೆ ಹೊತ್ತಿಗೆ, ಜೋರು ಮಳೆಯ ನಂತರ, ಏರಿ ಒಡೆಯಿತು. ಕೆಳಗಿನ ಕಾಲೇಜಿನಲ್ಲಿ ಬಹುತೇಕ ಎಲ್ಲರೂ ಮಲಗಿದ್ದರು. 39 ಜನ ಸತ್ತರು.

ತನಿಖೆಗೆ ಹೋದವರು ಇಂಥದ್ದೇ ಒಂದು ಕಾರಣ ಎಂದು ಬೆರಳಿಟ್ಟು ಹೇಳಲಿಲ್ಲ. ಏರಿಯ ಹೊರಮೈ ತೀರಾ ಕಡಿದಾಗಿತ್ತು. ಅದರ ಮೇಲೆ ಮರಗಳು ಬೆಳೆದಿದ್ದವು. 1973ರಲ್ಲಿ ತೆಗೆದ ಒಂದು ಫೋಟೋದಲ್ಲಿ ಹೊರಮೈಯ ಮಣ್ಣು ಜಾರಿದ್ದು ಆಗಲೇ ಕಾಣುತ್ತದೆ. ಆ ಫೋಟೋ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಡೆಯುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು.

ಮಣ್ಣಿನ ಏರಿಯಲ್ಲಿ ನೀರು ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆ ನೀರು ಮಣ್ಣನ್ನೂ ಹೊತ್ತು ತರಲು ಶುರು ಮಾಡಿದರೆ ಕಷ್ಟ. ಕೊರೆತ ಹೊರಗಡೆ ಬುಡದಲ್ಲಿ ಶುರುವಾಗಿ ಒಳಗೊಳಗೇ ಕೆರೆಯ ಕಡೆಗೆ ಸಾಗುತ್ತದೆ. ನೀರಿಗೆ ಮುಟ್ಟಿತು ಅಂದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿದುಹೋಗಬಹುದು. ಅದಕ್ಕೇ ಕೆರೆಗೆ ಬೆನ್ನು ಮಾಡಿ ಏರಿಯ ಆಚೆ ಬದಿಗೆ ಇಳಿಯಿರಿ ಅನ್ನುವುದು.

ಒಮ್ಮೆ ಹೀಗೆ ಊಟಕ್ಕೆ ಹೋದಾಗ, ತುಮಕೂರಿನಿಂದ ಮಗನ ಮನೆಗೆ ಬಂದಿದ್ದ ಅಮ್ಮನೂ ನಮ್ಮ ಜೊತೆ ಏರಿ ಇಳಿದರು. ತಿಂಗಳಿನಿಂದ ಮಳೆ ಇರಲಿಲ್ಲ, ಹುಲ್ಲೆಲ್ಲ ಒಣಗಿತ್ತು. ಬುಡದಲ್ಲಿ ಒಂದು ಕಡೆ ಮಾತ್ರ ಚಾಪೆಯಗಲ ಜೊಂಡು ಹಸಿರಾಗಿ ನಿಂತಿತ್ತು. "ಏನಪ್ಪಾ, ಇಲ್ಲಿ ಜೊಂಡು ಬೆಳೆದಿದೆ, ನೀರೆಲ್ಲಿಂದ ಬರ್ತಿದೆ?" ಅಂದರು. ಸಂಘದವರು ವರ್ಷಗಟ್ಟಲೆ ಅದರ ಸುತ್ತ ಹುಲ್ಲು ಕತ್ತರಿಸಿಕೊಂಡು ಬಂದಿದ್ದರು, ಯಾರೂ ಈ ಮಾತು ಕೇಳಿರಲಿಲ್ಲ. ಕಾಲಿಟ್ಟರೆ ಬೂಟು ಹಿಮ್ಮಡಿವರೆಗೆ ಇಳಿಯಿತು. ಒಸರುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಟ್ಟೆವು. ತಳದಲ್ಲಿ ಕೆಂಪು ಮಣ್ಣಿನ ತೆಳು ಪದರ ನಿಂತಿತು. ಮರುದಿನದಿಂದಲೇ ಕೆರೆಯ ಮಟ್ಟ ಇಳಿಸಲು ಹೇಳಿದೆ, ಅದೂ ನಿಧಾನಕ್ಕೆ. ಗಡಿಬಿಡಿಯಲ್ಲಿ ಖಾಲಿ ಮಾಡಿದರೆ ನೆಂದ ಒಳಮೈಯೇ ಜಾರಿಬಿಡುತ್ತದೆ.

ಜನ ನನ್ನ ಮೇಲೆ ಜಾಸ್ತಿ ಬೇಜಾರಾಗುವುದು ಮರಗಳ ವಿಷಯಕ್ಕೆ. ಏರಿಯ ಮೇಲಿನ ಪೈನ್ ಮರ ತೆಗೆಯಿರಿ ಅಂದರೆ, ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ ಅಲ್ವಾ ಅನ್ನುತ್ತಾರೆ. ಗುಡ್ಡದಲ್ಲಿ ಆ ಮಾತು ಸರಿ, ಏರಿಯಲ್ಲಿ ನಡೆಯುವುದಿಲ್ಲ. ಗಾಳಿಗೆ ಮರ ಬುಡಸಮೇತ ಬಿದ್ದರೆ ಏರಿಯ ಒಂದು ತುಂಡೇ ಕಿತ್ತುಬರುತ್ತದೆ. ಒಣಗಿ ಸತ್ತರೆ ಬೇರು ಕೊಳೆತು ಅದೇ ಜಾಗ ನೀರಿಗೆ ಸುರಂಗವಾಗುತ್ತದೆ. ಹಾಗಂತ ಸುಮ್ನೆ ಗರಗಸ ಹಿಡಿದು ಹೋಗಬೇಡಿ. ದೊಡ್ಡ ಮರ ಕಡಿದು ಬುಡ ಬಿಟ್ಟರೂ ಅದೇ ಗತಿ. ಬೇರು ಅಗೆದು ತೆಗೆದು, ಆ ಗುಂಡಿಗೆ ಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡಬೇಕು. ಎಂಜಿನಿಯರ್ ಇಲ್ಲದೆ, ಕೆರೆ ತುಂಬಿರುವಾಗ ಮಾಡುವ ಕೆಲಸ ಅಲ್ಲ ಅದು. ಸಸಿ ಕೈಬೆರಳಿನಷ್ಟು ದಪ್ಪ ಇದ್ದಾಗಲೇ ಕಿತ್ತರೆ ಈ ಖರ್ಚೇ ಇಲ್ಲ.

ನಮ್ಮೂರ ಕೆರೆಯ ತೂಬು, ಕೋಡಿ ನಿಮಗೆ ಗೊತ್ತು. ಇಲ್ಲೂ ಅವೇ ಇವೆ, ರೂಪ ಬೇರೆ. ನೀರಿನ ನಡುವೆ ನಿಂತ ಕೊಳವೆ ದಿನನಿತ್ಯದ ನೀರನ್ನು ಏರಿಯ ಅಡಿಯಿಂದ ಸಾಗಿಸುತ್ತದೆ. ದೊಡ್ಡ ಮಳೆಗೆ ಪಕ್ಕದಲ್ಲಿ ಹುಲ್ಲು ಬೆಳೆಸಿದ ಕೋಡಿ. ಕೊಳವೆಯ ಬಾಯಿಗೆ ಬೀವರ್ ಎಂಬ ಪ್ರಾಣಿಗಳು ಕೊಂಬೆ, ಕೆಸರು ತುಂಬುತ್ತವೆ. ಹಳೆಯ ತಗಡಿನ ಕೊಳವೆ ತುಕ್ಕು ಹಿಡಿದು ತೂತಾಗುತ್ತದೆ, ಸುತ್ತಲ ಮಣ್ಣು ಅದರೊಳಗೆ ಸೋರಿಹೋಗುತ್ತದೆ. ಏರಿಯ ಮೇಲೆ ಕೊಳವೆ ಹೋಗುವ ಸಾಲಿನಲ್ಲಿ ಸಣ್ಣ ಕುಸಿತ ಕಂಡರೆ, ಮಣ್ಣು ಸುರಿದು ಮುಚ್ಚುವ ಮೊದಲು ಪರೀಕ್ಷೆ ಮಾಡಿಸಿ. ಕೋಡಿಗೆ ಅಡ್ಡ ಬೇಲಿ ಹಾಕಿದವರನ್ನೂ, ಆಟದ ಮನೆ ಕಟ್ಟಿದವರನ್ನೂ ನೋಡಿದ್ದೇನೆ. ನೀರಿಗೆ ದಾರಿ ಇಲ್ಲದಿದ್ದರೆ ಅದು ಏರಿಯನ್ನೇ ಹತ್ತುತ್ತದೆ.

ಟಕೋವಾ ದುರಂತದ ಮರುವರ್ಷ, 1978ರಲ್ಲಿ, ಜಾರ್ಜಿಯಾ ಅಣೆಕಟ್ಟು ಸುರಕ್ಷತಾ ಕಾನೂನು ತಂದಿತು. 25 ಅಡಿ ಎತ್ತರ ಅಥವಾ 100 ಎಕರೆ-ಅಡಿ ನೀರು (ಒಂದು ಎಕರೆಯಲ್ಲಿ ಒಂದಡಿ ನಿಂತ ನೀರು ಒಂದು ಎಕರೆ-ಅಡಿ), ಇವೆರಡರಲ್ಲಿ ಒಂದಾದರೂ ಮುಟ್ಟಿದ ಅಣೆಕಟ್ಟು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುತ್ತದೆ. ಒಡೆದರೆ ಜೀವ ಹೋಗುವ ಸಂಭವ ಇದ್ದರೆ ಅದು ಮೊದಲ ವರ್ಗ, ನಿಯಮವೆಲ್ಲ ಬಿಗಿ. ಈ ವರ್ಗ ಬದಲಾಗುತ್ತಿರುತ್ತದೆ. ಏರಿ ಇದ್ದ ಹಾಗೇ ಇರುತ್ತದೆ, ಕೆಳಗಿನ ಕಾಡು ಕಡಿದು ಯಾರೋ ಮನೆ ಕಟ್ಟುತ್ತಾರೆ. ಆ ದಿನದಿಂದ ನಿಮ್ಮ ಸಂಘದ ಖರ್ಚೂ ಹೊಣೆಯೂ ಬೇರೆಯೇ. ಮನೆ ಕೊಳ್ಳುವ ಮೊದಲು ಅಣೆಕಟ್ಟು ಯಾವ ವರ್ಗದ್ದು, ಕೊನೆಯ ಪರೀಕ್ಷಾ ವರದಿ ಎಲ್ಲಿ, ರಿಪೇರಿಗೆ ತೆಗೆದಿಟ್ಟ ಹಣ ಎಷ್ಟು ಅಂತ ಕೇಳಿ. ಕೆರೆಯ ಕೆಳಗೆ ಮನೆ ಇರುವವರು ಇನ್ನೂ ಮೊದಲು ಕೇಳಬೇಕು.

ಆ ತುಮಕೂರಿನ ಅಮ್ಮ ಊರಿಗೆ ಹೋದರು. ಜೊಂಡಿದ್ದ ಜಾಗದಲ್ಲಿ ಈಗ ಮರಳು, ಜಲ್ಲಿಯ ಸೋಸುಪದರ ಇದೆ, ಅದರಿಂದ ಒಂದು ಸಣ್ಣ ಕೊಳವೆ ಹೊರಗೆ ಬಂದಿದೆ. ಪ್ರತಿ ಮಳೆಯ ಮರುದಿನ ಅವರ ಮಗ ಅದರ ನೀರನ್ನು ಬಾಟಲಿಯಲ್ಲಿ ಹಿಡಿದು ಫೋಟೋ ಕಳಿಸುತ್ತಾರೆ. ಈವರೆಗೆ ತಿಳಿಯಾಗಿಯೇ ಇದೆ.