ಏರ್‌ಸ್ಪೀಡ್: ಗ್ಲೈಡರಿನಲ್ಲಿ ಫೋನಿಗೆ ತಾನಾಗಿ ತಿಳಿಯದ ವೇಗ

ಸುತ್ತಲಿನ ಗಾಳಿಯಲ್ಲಿ ವಿಮಾನ ಎಷ್ಟು ವೇಗವಾಗಿ ಮುನ್ನುಗ್ಗುತ್ತಿದೆ ಎಂಬುದೇ ಏರ್‌ಸ್ಪೀಡ್, ಅಂದರೆ ವಾಯುವೇಗ. ಫೋನಿನ ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗವನ್ನು. ಗಂಟೆಗೆ 30 ಕಿ.ಮೀ. ಎದುರುಗಾಳಿಯಲ್ಲಿ 100 ಕಿ.ಮೀ. ವಾಯುವೇಗದಿಂದ ಹಾರುವ ಗ್ಲೈಡರಿನಲ್ಲಿ, ಅಂದರೆ ಎಂಜಿನ್ ಬಲವಿಲ್ಲದೆ ತೇಲುವ ವಿಮಾನದಲ್ಲಿ, ಜಿಪಿಎಸ್ 70 ಎನ್ನುತ್ತದೆ. ರೆಕ್ಕೆಗೆ ಆ 70ರ ಗೊಡವೆಯಿಲ್ಲ. ಅದನ್ನು ಮೇಲೆ ಹಿಡಿದಿಡುವುದು ಅದರ ಮೈಮೇಲೆ ಹರಿಯುವ ಗಾಳಿ.

ವಾಯುವೇಗವನ್ನು ಅಳೆಯುವ ಪಿಟೋ ನಳಿಕೆಯ ಮೂಲ ನೀರಿನಲ್ಲಿದೆ. 1732ರಲ್ಲಿ ಫ್ರೆಂಚ್ ಎಂಜಿನಿಯರ್ ಆನ್ರಿ ಪಿಟೋ ಪ್ಯಾರಿಸ್ಸಿನ ಸೆನ್ ನದಿಯ ಹರಿವಿನ ವೇಗವನ್ನು ಅಳೆಯಲು ಇಂಥ ನಳಿಕೆಯನ್ನು ಬಳಸಿದರು. ಗಾಳಿಗೆ ಎದುರಾಗಿ ಬಾಯಿ ತೆರೆದ ನಳಿಕೆಯಲ್ಲಿ ಒತ್ತಡ ಏರುತ್ತದೆ. ಆ ಒತ್ತಡದಿಂದ ಸುತ್ತಲಿನ ಗಾಳಿಯ ಸ್ಥಿರ ಒತ್ತಡವನ್ನು ಕಳೆದರೆ ಉಳಿಯುವುದು ಚಲನೆಯ ಒತ್ತಡ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: ಸಮುದ್ರಮಟ್ಟದಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಸುಮಾರು 470 ಪ್ಯಾಸ್ಕಲ್, 50 ಕಿ.ಮೀ.ಗೆ ಅದರ ಕಾಲು ಭಾಗ. ಈ 470 ಪ್ಯಾಸ್ಕಲ್ ನೀರನ್ನು ಐದು ಸೆಂಟಿಮೀಟರ್‌ನಷ್ಟೂ ಮೇಲೆತ್ತದು.

ಹಲವು ಫೋನುಗಳಲ್ಲಿ ವಾಯುಭಾರಮಾಪಕ ಇದೆಯಲ್ಲ ಎಂದು ಕೇಳಬಹುದು. ಅದು ಅಳೆಯುವುದು ಕಾಕ್‌ಪಿಟ್ಟಿನೊಳಗಿನ ಗಾಳಿಯ ಒತ್ತಡವನ್ನು. ಅದರಿಂದ ಎತ್ತರ ತಿಳಿದೀತು, ವಾಯುವೇಗ ತಿಳಿಯದು. ಆದ್ದರಿಂದ ಎರಡು ಬಾಯಿಗಳಿರುವ, ಒತ್ತಡದ ವ್ಯತ್ಯಾಸವನ್ನು ಅಳೆಯುವ ಸೆನ್ಸರ್ ಬೇಕು. ಒಂದು ಬಾಯಿಗೆ ಪಿಟೋ ಕೊಳವೆ, ಇನ್ನೊಂದಕ್ಕೆ ಸ್ಥಿರ ಒತ್ತಡದ ಕೊಳವೆ. ಚಿಕ್ಕದೊಂದು ಮೈಕ್ರೋಕಂಟ್ರೋಲರ್ ಅಳತೆಯನ್ನು ಜಿಪಿಎಸ್ ಸಾಧನಗಳು ಬಳಸುವ ಎನ್‌ಎಂಇಎ ಮಾದರಿಯ ಪಠ್ಯದ ಸಾಲಾಗಿಸಿ ಬ್ಲೂಟೂತ್ ಮೂಲಕ ಫೋನಿಗೆ ಕಳಿಸುತ್ತದೆ. ಎಕ್ಸ್‌ಸಿಸೋರ್‌ನಂಥ ಗ್ಲೈಡರ್ ಹಾರಾಟದ ಮುಕ್ತ ತಂತ್ರಾಂಶ ಅದನ್ನು ಓದಿಕೊಳ್ಳುತ್ತದೆ.

ಸೆನ್ಸರಿನ ಆಯ್ಕೆಯಲ್ಲಿ ವ್ಯಾಪ್ತಿಯನ್ನು ಮೊದಲು ನೋಡಬೇಕು. 2,000 ಪ್ಯಾಸ್ಕಲ್‌ವರೆಗೆ ಮಾತ್ರ ಅಳೆಯುವ ಸೆನ್ಸರ್ ಗಂಟೆಗೆ ಸುಮಾರು 205 ಕಿ.ಮೀ.ಗೇ ಕೈಚೆಲ್ಲುತ್ತದೆ, ಅದಕ್ಕಿಂತ ವೇಗವಾಗಿ ಹಾರಬಲ್ಲ ಗ್ಲೈಡರುಗಳು ಎಷ್ಟೋ ಇವೆ. ಡ್ರೋನ್‌ಗಳಲ್ಲಿ ಬಳಕೆಯಾಗುವ, ಸುಮಾರು 6,900 ಪ್ಯಾಸ್ಕಲ್ ವ್ಯಾಪ್ತಿಯ ಸೆನ್ಸರ್‌ನಲ್ಲಿ ಈ ತೊಂದರೆಯಿಲ್ಲ. ಇನ್ನೊಂದು, ಶೂನ್ಯದ ದೋಷ. ಸೆನ್ಸರ್ 10 ಪ್ಯಾಸ್ಕಲ್ ತಪ್ಪಿದರೆ ನಿಂತ ಗ್ಲೈಡರೇ ಗಂಟೆಗೆ ಸುಮಾರು 14.5 ಕಿ.ಮೀ. ವೇಗದಲ್ಲಿ ಓಡುತ್ತಿರುವಂತೆ ಕಾಣುತ್ತದೆ. ಅದೇ ದೋಷ 100 ಕಿ.ಮೀ. ವೇಗದಲ್ಲಿ ಒಂದು ಕಿ.ಮೀ.ಯಷ್ಟಕ್ಕೆ ಇಳಿಯುತ್ತದೆ. ನೆಲದಲ್ಲಿ ಕಂಡ ಅಂಕಿಗೆ ಗಾಬರಿಯಾಗಬೇಕಿಲ್ಲ. ಪಿಟೋ ಬಾಯಿಗೆ ಗಾಳಿ ತಾಗದಂತೆ ಮುಚ್ಚಿ ಶೂನ್ಯವನ್ನು ಸರಿಪಡಿಸಿಕೊಂಡರೆ ಸಾಕು. ಹಾರುವ ಮುನ್ನ ಆ ಮುಚ್ಚಳವನ್ನು ತೆಗೆಯಲೇಬೇಕು.

ನಾನು ಪಟ್ಟು ಹಿಡಿದು ಹೇಳುವ ಮಾತು ಒಂದಿದೆ. ಸೆನ್ಸರಿಗಾಗಿ ಗ್ಲೈಡರಿನ ಫಲಕದ ವೇಗಮಾಪಕಕ್ಕೆ ಹೋಗುವ ಕೊಳವೆಗೆ ಕವಲು ಜೋಡಿಸಿದಾಗ ಅಲ್ಲಿ ಗಾಳಿ ಸೋರಿದರೆ ಆ ಮಾಪಕವೂ ಸುಳ್ಳು ಹೇಳುತ್ತದೆ. ಅಧಿಕೃತ ನಿರ್ವಹಣಾ ಎಂಜಿನಿಯರ್ ಒಪ್ಪದೆ ಆ ಕೊಳವೆಗಳನ್ನು ಮುಟ್ಟಬಾರದು, ಅವರು ಸೋರಿಕೆ ಪರೀಕ್ಷಿಸದೆ ಹಾರಬಾರದು. ಸ್ಟಾಲ್ ಆಗದಂತೆ, ಅಂದರೆ ವೇಗ ತೀರಾ ಇಳಿದು ರೆಕ್ಕೆ ಎತ್ತುವ ಬಲ ಕಳೆದುಕೊಳ್ಳದಂತೆ ಕಾಯಲು, ಇಳಿಯುವಾಗ ವೇಗ ಹಿಡಿಯಲು ಫಲಕದ ಮುಳ್ಳನ್ನೇ ನಂಬಬೇಕು, ಫೋನನ್ನಲ್ಲ.

ಹಾಗಾದರೆ ಫೋನಿಗೆ ಇದೇಕೆ? ಲೆಕ್ಕಕ್ಕೆ. ಒತ್ತಡದಿಂದ ನೇರವಾಗಿ ಬರುವುದು ಸೂಚಿತ ವಾಯುವೇಗ. ಎತ್ತರ ಏರಿದಂತೆ ಗಾಳಿ ತೆಳುವಾಗುವುದರಿಂದ, 3,000 ಮೀಟರ್ ಎತ್ತರದಲ್ಲಿ ಸೂಚಿತ ವೇಗ 100 ಇದ್ದರೆ ಗಾಳಿಯಲ್ಲಿನ ನಿಜ ವೇಗ ಸುಮಾರು 116. ನಿಜ ವೇಗವನ್ನು ಜಿಪಿಎಸ್ ವೇಗ, ದಿಕ್ಕುಗಳ ಜೊತೆಗಿಟ್ಟು ನೋಡಿದರೆ ಬೀಸುವ ಗಾಳಿಯೇ ಬಯಲಾಗುತ್ತದೆ. ಸೆನ್ಸರ್ ಇಲ್ಲದಿದ್ದರೆ ತಂತ್ರಾಂಶ, ಗ್ಲೈಡರ್ ಮೇಲೇಳುವ ಬಿಸಿಗಾಳಿಯ ಕಂಬವಾದ ಥರ್ಮಲ್‌ನಲ್ಲಿ ಸುತ್ತುವಾಗ ಎಷ್ಟು ತೇಲಿಹೋಯಿತು ಎಂಬುದರಿಂದ ಗಾಳಿಯನ್ನು ಅಂದಾಜಿಸುತ್ತದೆ. ಸೆನ್ಸರ್ ಇದ್ದರೆ ಸುತ್ತಬೇಕಿಲ್ಲ, ಹಾರುವ ದಿಕ್ಕು ಆಗಾಗ ಸ್ವಲ್ಪ ಬದಲಾದರೆ ಸಾಕು. ಕೊನೆಯ ಥರ್ಮಲ್ ಬಿಟ್ಟು ಹತ್ತಾರು ಕಿ.ಮೀ. ದೂರದ ಏರ್‌ಫೀಲ್ಡಿನತ್ತ ಮೂಗು ತಿರುಗಿಸಿದವನಿಗೆ, ಇರುವ ಎತ್ತರದಲ್ಲಿ ಅಲ್ಲಿಗೆ ತಲುಪುತ್ತೇನೆಯೇ ಎಂಬ ಲೆಕ್ಕದಲ್ಲಿ ಬೇಕಾಗುವುದು ಒಂದು ಗಂಟೆ ಹಳೆಯ ಗಾಳಿಯಲ್ಲ, ಈಗ ಎದುರು ಬೀಸುತ್ತಿರುವ ಗಾಳಿ.