ಸ್ಟಾರ್ ಒಬ್ಬರೇ ಸಾಕೇ? ಪ್ಲೇಆಫ್‌ನ ಹಳೇ ಜಗಳದ ಹಿನ್ನೆಲೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ (ಕಪ್ಪಿಗಾಗಿ ನಡೆಯುವ ಕೊನೆಯ ಹಂತ) ಶುರುವಾದರೆ ಜಗಳವೂ ಶುರು. ಸ್ಟಾರ್ ಸೋತರೆ ‘ಜೊತೆಗಾರರು ಕೈಕೊಟ್ಟರು’ ಎನ್ನುವವರು ಒಂದು ಕಡೆ, ‘ಅಷ್ಟು ದೊಡ್ಡ ಆಟಗಾರ ಇದ್ದವರನ್ನೇ ಕಟ್ಟಿಕೊಂಡು ಗೆಲ್ಲಬೇಕಿತ್ತು’ ಎನ್ನುವವರು ಇನ್ನೊಂದು ಕಡೆ.

ಅರ್ಧ ಶತಮಾನ ದಾಟಿದ ವಾದವಿದು. 1969ರಲ್ಲಿ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಮೊದಲ ಸಲ ಕೊಟ್ಟಾಗ ಅದು ಹೋದದ್ದು ಸೋತ ಲೇಕರ್ಸ್‌ನ ಜೆರ್ರಿ ವೆಸ್ಟ್‌ಗೆ. ಅವರ ಪಕ್ಕದಲ್ಲಿದ್ದವರೇನು ಸಾಮಾನ್ಯರಲ್ಲ, ಚೇಂಬರ್ಲಿನ್ ಮತ್ತು ಬೇಲರ್! 1986ರಲ್ಲಿ ಷಿಕಾಗೊದ ಮೈಕಲ್ ಜೋರ್ಡನ್ ಬಾಸ್ಟನ್ ಮೇಲೆ 63 ಅಂಕ ಗಳಿಸಿಯೂ ಸೋತರು. ಪಿಪ್ಪೆನ್ ಜೊತೆಯಾಗಿ ಪಳಗಿದ ಮೇಲೆ, 1991ರಲ್ಲಿ, ಮೊದಲ ಕಪ್. 1993ರ ಮತ್ತು 1997ರ ಕಪ್ ತಂದುಕೊಟ್ಟ ಕೊನೆಯ ಶಾಟ್‌ಗಳು ಜೋರ್ಡನ್‌ರ ಜೊತೆಗಾರರಾದ ಪ್ಯಾಕ್ಸನ್ ಮತ್ತು ಕೆರ್ ಅವರವು.

ವಾದಕ್ಕೆ ಈಗಿನ ಕಾವು ಬಂದದ್ದು ಲೆಬ್ರಾನ್ ಜೇಮ್ಸ್ ಅವರ ಕ್ಲೀವ್‌ಲ್ಯಾಂಡ್ ದಿನಗಳಲ್ಲಿ. 2007ರಲ್ಲಿ ಡೆಟ್ರಾಯಿಟ್ ವಿರುದ್ಧದ ಐದನೇ ಪಂದ್ಯದಲ್ಲಿ 48 ಅಂಕ. ತಂಡದ ಕೊನೆಯ 25 ಅಂಕವೂ ಅವರದೇ. ಫೈನಲ್ಸ್‌ನಲ್ಲಿ ಸ್ಯಾನ್ ಆಂಟೋನಿಯೊ ತಂಡ ಲೆಬ್ರಾನ್ ಒಳನುಗ್ಗುವ ದಾರಿಯನ್ನೇ ಮುಚ್ಚಿತು. 4-0 ಸೋಲು. ಎರಡು ವರ್ಷದ ನಂತರ ಕ್ಲೀವ್‌ಲ್ಯಾಂಡ್ 82ರಲ್ಲಿ 66 ಪಂದ್ಯ ಗೆದ್ದಿತು. ಆದರೂ ಒರ್ಲ್ಯಾಂಡೊ ಮುಂದೆ, ಲೆಬ್ರಾನ್ ಪಂದ್ಯಕ್ಕೆ ಸರಾಸರಿ 38.5 ಅಂಕ ಗಳಿಸಿದ ಸರಣಿಯಲ್ಲೇ, ಹೊರಬಿತ್ತು. 66 ಗೆದ್ದವರನ್ನು ‘ಕಳಪೆ ತಂಡ’ ಎನ್ನಲು ನನಗಂತೂ ಬಾಯಿ ಬಾರದು. 2010ರಲ್ಲಿ ಅವರು ಮಯಾಮಿಗೆ ಹೋದರು, ಮರು ಸೀಸನ್‌ನಲ್ಲಿ ಕ್ಲೀವ್‌ಲ್ಯಾಂಡ್ ಗೆದ್ದದ್ದು ಬರೀ 19. ಎರಡೂ ಪಕ್ಷದವರು ತಮಗೆ ಬೇಕಾದ ಅಂಕಿಯನ್ನು ಹಿಡಿದು ಕೂತರು.

ಗುಟ್ಟಿರುವುದು ಪ್ಲೇಆಫ್‌ನ ರಚನೆಯಲ್ಲಿ. ಲೀಗ್ ಹಂತದಲ್ಲಿ ಎದುರಾಳಿ ದಿನಕ್ಕೊಬ್ಬ. ಇಲ್ಲಿ ಒಂದೇ ತಂಡದೊಡನೆ ಏಳು ಪಂದ್ಯದವರೆಗೂ ಸೆಣಸಬೇಕು. ದೂರದಿಂದ ಹೊಡೆಯಲು ಬಾರದವನು ಯಾರೆಂದು ಎರಡು ದಿನದಲ್ಲೇ ಪತ್ತೆಯಾಗುತ್ತದೆ. ಅವನನ್ನು ಖಾಲಿ ಬಿಟ್ಟು, ಅವನ ಕಾವಲುಗಾರನೂ ಸ್ಟಾರ್ ಮೇಲೆ ಬೀಳುತ್ತಾನೆ. ಹಾಗಾಗಿ ಜೊತೆಗಾರರಲ್ಲಿ ಎರಡನೇ ದೊಡ್ಡ ಹೆಸರು ಯಾರದು ಎಂಬುದಕ್ಕಿಂತ ಅಂಗಳಕ್ಕಿಳಿಯುವ ಐವರಲ್ಲಿ ಐದನೆಯವನು ಯಾರು ಎಂಬುದೇ ಹೆಚ್ಚು ಕಾಡುತ್ತದೆ. ಅಭಿಮಾನಿಗಳು ಇದನ್ನು ಎಣಿಸುವುದು ಕಡಿಮೆ.

ಕ್ಲೀವ್‌ಲ್ಯಾಂಡ್‌ಗೆ ಮರಳಿದ ಲೆಬ್ರಾನ್‌ಗೆ 2015ರಲ್ಲಿ ಜೊತೆಗಾರರಾದ ಲವ್ ಭುಜದ ಗಾಯದಿಂದ, ಅರ್ವಿಂಗ್ ಮಂಡಿಯ ಗಾಯದಿಂದ ತಪ್ಪಿದರು. ಫೈನಲ್ಸ್‌ನಲ್ಲಿ ಸರಾಸರಿ 35.8 ಅಂಕ, ಸೋಲು. ಮರುವರ್ಷ ಇಬ್ಬರೂ ಇದ್ದರು. ಫೈನಲ್ಸ್‌ನಲ್ಲಿ 1-3ರ ಹಿನ್ನಡೆಯಲ್ಲಿದ್ದಾಗ ಐದನೇ ಪಂದ್ಯದಲ್ಲಿ ಲೆಬ್ರಾನ್ 41, ಅರ್ವಿಂಗ್ 41. ಏಳನೇ ಪಂದ್ಯದಲ್ಲಿ 89-89 ಆಗಿದ್ದಾಗ ಬಿದ್ದ, ಕಪ್ ತಂದುಕೊಟ್ಟ ತ್ರೀ ಪಾಯಿಂಟರ್ (ದೂರದಿಂದ ಹೊಡೆದ ಮೂರಂಕದ ಶಾಟ್) ಅರ್ವಿಂಗ್‌ರದು. 2018ರ ಹೊತ್ತಿಗೆ ಅರ್ವಿಂಗ್ ಬಾಸ್ಟನ್‌ನಲ್ಲಿದ್ದರು. ಆ ವರ್ಷದ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಲೆಬ್ರಾನ್ 51 ಗಳಿಸಿದರು. ಅಂಕ ಸಮವಾಗಿದ್ದ ಕೊನೆಯ ಗಳಿಗೆಯಲ್ಲಿ ಜೊತೆಗಾರನೊಬ್ಬನ ಫ್ರೀ ಥ್ರೋ ತಪ್ಪಿತು, ಪುಟಿದ ಚೆಂಡು ಹಿಡಿದ ಇನ್ನೊಬ್ಬ ಬುಟ್ಟಿಯತ್ತ ಹೋಗದೆ ಹೊರಗೆ ಓಡಿದ. ಆ ಕೆಲವು ಸೆಕೆಂಡುಗಳನ್ನು ಜನ ಇಂದಿಗೂ ಆಡಿಕೊಳ್ಳುತ್ತಾರೆ. ಓವರ್‌ಟೈಮ್‌ನ ಐದು ನಿಮಿಷದಲ್ಲಿ 17-7 ಅಂತರದಲ್ಲಿ ಸೋತದ್ದು ಯಾರ ನೆನಪಲ್ಲೂ ಇಲ್ಲ.

ಈಚೆಗೆ ಜೊತೆಗಾರರನ್ನು ಹುಡುಕುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟವಾಗಿದೆ. ಲೀಗ್ ಮತ್ತು ಆಟಗಾರರ ನಡುವಿನ 2023ರ ಒಪ್ಪಂದದಂತೆ ತಂಡವೊಂದರ ಸಂಬಳದ ಮೊತ್ತ ಒಂದು ಗೆರೆ ದಾಟಿದರೆ ತೆರಿಗೆಯ ಜೊತೆಗೆ ಆಟಗಾರರ ವಿನಿಮಯಕ್ಕೂ ಕಟ್ಟುಪಾಡು. ಈ ಹೊರೆ ಇಳಿಸಲು 2024ರ ಚಾಂಪಿಯನ್ ಬಾಸ್ಟನ್, ಮರುವರ್ಷದ ಬೇಸಿಗೆಯಲ್ಲೇ ಹಾಲಿಡೇ ಮತ್ತು ಪೊರ್ಜಿಂಗಿಸ್ ಇಬ್ಬರನ್ನೂ ಬೇರೆ ತಂಡಗಳಿಗೆ ಬಿಟ್ಟುಕೊಟ್ಟಿತು.