ನಾಮಿನಿ ಅಂದ್ರೆ ವಾರಸುದಾರ ಅಂತಾನಾ?

ಪ್ರಶ್ನೆ: ತಂದೆಯವರ ಎಫ್‌ಡಿಗೆ ಅಣ್ಣ ನಾಮಿನಿ. ತಂದೆ ತೀರಿಕೊಂಡರು. 'ನಾಮಿನಿ ನಾನು, ದುಡ್ಡು ನಂದೇ' ಅಂತಾನೆ ಅಣ್ಣ. ಅಮ್ಮನಿಗೂ ನನಗೂ ಏನೂ ಇಲ್ವಾ?

ಉತ್ತರ: ತಂದೆ ವಿಲ್ ಬರೆದಿಲ್ಲ ಅಂದರೆ ಖಂಡಿತ ಇದೆ. ತಿಥಿ ಊಟ ಮುಗಿಯುವ ಮೊದಲೇ ಎಷ್ಟೋ ಮನೆಗಳಲ್ಲಿ ಈ ಒಂದು ಪದಕ್ಕೆ ಮನಸ್ಸು ಮುರಿಯುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಮಿನಿ ಅಂದರೆ ಹೆಸರು ಸೂಚಿಸಲಾದ ವ್ಯಕ್ತಿ, ಅಷ್ಟೇ. ಲ್ಯಾಟಿನ್ ಭಾಷೆಯ 'ನೋಮೆನ್', ನಮ್ಮ 'ನಾಮ' ಎರಡೂ ಒಂದೇ ಬೇರಿನವು. ಚುನಾವಣೆಯ ನಾಮಿನೇಷನ್ ಕೂಡ ಅಲ್ಲಿಂದಲೇ ಬಂದದ್ದು. ನಾಮಿನೇಷನ್ ಹಾಕಿದವರೆಲ್ಲ ಎಮ್ಮೆಲ್ಲೆ ಆಗಲ್ಲ ಅಲ್ವಾ? ಇಲ್ಲೂ ಹಾಗೇ.

ಖಾತೆದಾರರು ಹೋದ ಮೇಲೆ ಹಣ ಯಾರ ಕೈಗೆ ಕೊಡಬೇಕು ಅನ್ನುವುದಷ್ಟೇ ಬ್ಯಾಂಕಿಗೆ ಬೇಕು. ನಾಮಿನಿಗೆ ಕೊಟ್ಟರೆ ಅದರ ಹೊಣೆ ತೀರಿತು. ಆದರೆ ಆ ಹಣ ವಾರಸುದಾರರದ್ದು. ನಾಮಿನಿ ಅದನ್ನು ಅವರ ಪರವಾಗಿ ಪಡೆದಿರುತ್ತಾರೆ. ಸುಪ್ರೀಂ ಕೋರ್ಟ್ 2010ರಲ್ಲಿ ಬ್ಯಾಂಕ್ ಠೇವಣಿಗೆ, 2023ರಲ್ಲಿ ಷೇರುಗಳಿಗೆ ಇದೇ ಮಾತು ಹೇಳಿದೆ. ನಿಮ್ಮದು ಹಿಂದೂ ಕುಟುಂಬವಾದರೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮೃತರ ತಾಯಿ ಬದುಕಿದ್ದರೆ ಅವರೂ, ಸಮಪಾಲಿಗೆ ಹಕ್ಕುದಾರರು. ಮದುವೆಯಾಗಿ ಹೋದ ಮಗಳಿಗೂ ಪಾಲಿದೆ.

ವಿಮೆಯಲ್ಲಿ ಮಾತ್ರ ಸ್ವಲ್ಪ ಗೊಂದಲ. 2015ರ ತಿದ್ದುಪಡಿ ಪ್ರಕಾರ ಹೆತ್ತವರು, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ಹಣದ ಫಲ ಅವರಿಗೇ ಸಲ್ಲುತ್ತದೆ. ಆದರೂ ಉಳಿದ ವಾರಸುದಾರರು ಪಾಲು ಕೇಳಿದರೆ ಅವರ ಹಕ್ಕು ಅಳಿಯುವುದಿಲ್ಲ ಎಂದು 2025ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು.

ಪದ ಬಳಸುವಾಗಲೂ ಎಚ್ಚರ ಬೇಕು. 'ಹೆಂಡತೀನ ನಾಮಿನಿ ಮಾಡಿದ್ದೀನಿ' ಅನ್ನಿ, ಸರಿ. ಅದನ್ನೇ 'ಹೆಂಡತಿ ಹೆಸರಿಗೆ ಬರೆದಿದ್ದೀನಿ' ಅನ್ನಬೇಡಿ. ಬರೆದುಕೊಡುವ ಕೆಲಸ ವಿಲ್‌ನದ್ದು. ನಾಮಿನಿ ಜಾಯಿಂಟ್ ಅಕೌಂಟ್ ಪಾಲುದಾರರೂ ಅಲ್ಲ. ಖಾತೆದಾರರು ಇರುವಷ್ಟು ದಿನ ಅವರು ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ.

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ 4 ಜನರವರೆಗೂ ನಾಮಿನಿ ಮಾಡಬಹುದು. ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಯಬಹುದು. ಅಮ್ಮನ ಖಾತೆಗಾದರೂ ಈಗಲೇ ಎಲ್ಲ ಮಕ್ಕಳ ಹೆಸರು ಸೇರಿಸಿಸಿ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ತಂದೆಯವರ ಕಾಗದಪತ್ರಗಳಲ್ಲಿ ವಿಲ್ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಬ್ಯಾಂಕಿನವರ ಹತ್ತಿರ ಸುಮ್ನೆ ಜಗಳ ಬೇಡ, ಅಣ್ಣನಿಗೆ ಹಣ ಕೊಟ್ಟರೆ ಅವರದ್ದು ತಪ್ಪಲ್ಲ. ಅಮ್ಮನನ್ನೂ ಕೂರಿಸಿಕೊಂಡು ಅಣ್ಣನ ಹತ್ತಿರವೇ ಮಾತಾಡಿ. ಬಹುಶಃ ಅವರಿಗೂ ಈ ಪದದ ಅರ್ಥ ಗೊತ್ತಿಲ್ಲದೇ ಇರಬಹುದು.